ಮೀಸೆ ಕಿತ್ತ ಮೇಲೆ ಸಹಿ

ಬೆಂಗಳೂರಿನ ಜೆ.ಪಿ. ನಗರ, ರಂಗಶಂಕರ ನಾಟಕಮಂದಿರದ ಕೆಫೆ. ಸಂಜೆ ಆರೂಮುಕ್ಕಾಲು. ಮೇಜಿನ ಮೇಲೆ ಸಾಬುದಾನಿ ವಡೆ, ನಾಲ್ಕು ಕಾಫಿ, ಪದ್ದುವಿನ ಹೊಚ್ಚ ಹೊಸ ಆಟೋಗ್ರಾಫ್ ಪುಸ್ತಕ. ಸುತ್ತ ಕೂತವರು: ಹವ್ಯಾಸಿ ತಂಡಗಳಿಗೆ ಬಣ್ಣ ಹಚ್ಚುವ ಶಾಮಣ್ಣ, ಬಾದಾಮಿ ಕಡೆಯ ಬಸಣ್ಣ, ಹೊನ್ನಾವರದ ಭಟ್ರು.

ಪದ್ದು: ನಾಟಕ ಮುಗೀತಿದ್ದ ಹಾಗೇ ಎದ್ದು, ನಟರ ಆಟೋಗ್ರಾಫಿಗೆ ನೇರ ಗ್ರೀನ್ ರೂಮಿಗೆ ನುಗ್ಗೋದು ಅಂತ ಲೆಕ್ಕ ಹಾಕಿದ್ದೀನಿ.

ಶಾಮಣ್ಣ: ನುಗ್ಗಪ್ಪ. ಒಳಗೆ ಮಹಾರಾಜರು ಬನಿಯನ್ನಲ್ಲಿ ನಿಂತು ಅರ್ಧ ಮೀಸೆ ಕೀಳ್ತಿರ್ತಾರೆ. ಸ್ಪಿರಿಟ್ ಗಮ್ ಹಾಕಿ ಅಂಟಿಸಿದ ಮೀಸೆ, ದರದರ ಎಳೆದ್ರೆ ತುಟಿ ಮೇಲಿನ ಚರ್ಮಾನೂ ಜೊತೆಗೇ ಬರುತ್ತೆ. ಆ ಹೊತ್ತಲ್ಲಿ ಅವರ ಬಾಯಲ್ಲಿ ಬರೋ ಮಾತು ನಿನ್ನ ಪುಸ್ತಕದಲ್ಲಿ ಬರೆಸ್ಕೊಳ್ಳೋ ಅಂಥದ್ದಲ್ಲ.

ಪದ್ದು: ಮತ್ತೆ ಎಷ್ಟು ಹೊತ್ತು ಕಾಯ್ಬೇಕು?

ಶಾಮಣ್ಣ: ತಂಡದ ಪರಿಚಯ, ಚಪ್ಪಾಳೆ ಅಂತ ಐದು ನಿಮಿಷ. ಆಮೇಲೆ ಬಟ್ಟೆ ಬಿಚ್ಚಬೇಕು. ಬಾಡಿಗೆ ಉಡುಪಾದ್ರೆ ಪಂಚೆ, ಶಲ್ಯ, ಸೊಂಟದ ಪಟ್ಟಿ ಎಲ್ಲ ಎಣಿಸಿ ಒಪ್ಪಿಸಬೇಕು. ವಿಗ್ ಇದ್ರೆ ಒಂದೊಂದೇ ಹೇರ್‌ಪಿನ್ ತೆಗೀಬೇಕು. ಕೊನೆಗೆ ಮುಖ. ಮೊದಲು ಕೊಬ್ಬರಿ ಎಣ್ಣೆ ಹಚ್ಚಿ ಬಣ್ಣ ಕರಗಿಸಬೇಕು, ಹಳೇ ಬಟ್ಟೇಲಿ ಒರೆಸಬೇಕು, ಆಮೇಲೆ ಸೋಪು. ಎಣ್ಣೆ ಬಿಟ್ಟು ಮೊದಲೇ ಸೋಪು ಹಾಕಿದ್ರೆ ಮುಖ ಉರಿಯುತ್ತೆ, ಬಣ್ಣ ಮಾತ್ರ ಹಾಗೇ ಇರುತ್ತೆ. ಒಟ್ಟು ಇಪ್ಪತ್ತು ನಿಮಿಷ ಅಂತ ಇಟ್ಕೋ. ಪೌರಾಣಿಕ ಆದ್ರೆ ಅರ್ಧ ಗಂಟೆ.

ಬಸಣ್ಣ: ಅಷ್ಟೊತ್ತಿಗೆ ಇನ್ನೊಂದು ಪ್ಲೇಟ್ ವಡಿ ಆಗತೈತಿ ಬಿಡ್ರಿ.

ಶಾಮಣ್ಣ: ಇನ್ನೊಂದು ಮಾತು. ಎಣ್ಣೆ ಕೈಯಲ್ಲಿ ಇರೋವಾಗ ಪುಸ್ತಕ ಮುಂದೆ ಚಾಚಬೇಡ. ಬೆರಳಿನ ಎಣ್ಣೆ ಹಾಳೆಗೆ ತಾಗಿದ್ರೆ ಬಾಲ್‌ಪೆನ್ ಅಲ್ಲಿ ಬರೆಯೋಲ್ಲ. ಹೆಸರಿನ ನಡುವೆ ಒಂದಕ್ಷರ ಮಾಯ. ‘ರಾಮಚಂದ್ರ’ ಅಂತ ಬರೆದಿದ್ದು ಮನೇಲಿ ‘ರಾ ಚಂದ್ರ’ ಆಗಿರುತ್ತೆ.

ಪದ್ದು: ಅದಕ್ಕೇ ಜೆಲ್ ಪೆನ್ ತಂದಿದ್ದೀನಿ.

ಶಾಮಣ್ಣ: ಕೆಟ್ಟಿತು. ನಾಟಕದ ಬ್ರೋಶರು ಮಿರಮಿರ ಮಿಂಚೋ ಹಾಳೆ. ಜೆಲ್ ಶಾಯಿ ಅದರೊಳಕ್ಕೆ ಇಳಿಯೋದಿಲ್ಲ, ಮೇಲೇ ಕೂತಿರುತ್ತೆ. ನೀನು ಖುಷಿಯಲ್ಲಿ ಬ್ರೋಶರ್ ಮುಚ್ಚಿದ್ರೆ ಸಹಿ ಎದುರು ಪುಟದಲ್ಲಿ ಉಲ್ಟಾ ಅಚ್ಚಾಗುತ್ತೆ. ಮಿಂಚೋ ಹಾಳೆಗೆ ಪರ್ಮನೆಂಟ್ ಮಾರ್ಕರ್ರೇ ಸರಿ. ಅದೇ ಮಾರ್ಕರ್ನ ತೆಳು ಹಾಳೆ ಮೇಲೆ ಆಡಿಸಿದ್ರೆ ಹಿಂದಿನ ಮೂರು ಪುಟಕ್ಕೂ ಇಳಿಯುತ್ತೆ. ನಿನ್ನ ಪುಸ್ತಕಕ್ಕೆ ಬಾಲ್‌ಪೆನ್, ಬ್ರೋಶರಿಗೆ ಮಾರ್ಕರ್, ಕಪ್ಪು ಬಣ್ಣದ ಹೊದಿಕೆ ಇದ್ರೆ ಬೆಳ್ಳಿ ಬಣ್ಣದ ಮಾರ್ಕರ್. ಕೆಳಗಿಟ್ಟುಕೊಳ್ಳೋಕೆ ಪರೀಕ್ಷೆ ರಟ್ಟು ಒಂದಿರಲಿ. ನಿಂತ್ಕೊಂಡು ಸಹಿ ಹಾಕೋವಾಗ ಆಧಾರ ಇಲ್ದಿದ್ರೆ ಪೆನ್ನು ಹಾಳೆಯನ್ನ ತೂತು ಮಾಡುತ್ತೆ.

ಭಟ್ರು: ಇಷ್ಟೆಲ್ಲ ಹೊತ್ಕೊಂಡು ಬಂದ್ರೆ ಬಾಗಿಲಲ್ಲಿ ಸ್ಟೇಶನರಿ ಅಂಗಡಿಯವ ಅಂತ ತಿಳೀತಾರೆ ಮಾರಾಯ್ರೆ.

ಪದ್ದು: ಟಿಕೆಟ್ ಮೇಲೇ ಹಾಕಿಸಿದ್ರೆ?

ಶಾಮಣ್ಣ: ಟಿಕೆಟ್ ಎಲ್ಲಿದೆ? ಮೊಬೈಲಲ್ಲಿ. ಸ್ಕ್ರೀನ್‌ಗಾರ್ಡ್ ಮೇಲೆ ಹಾಕಿಸ್ಕೊಂಡು ಅದನ್ನೇ ಕಿತ್ತು ಫ್ರೇಮ್ ಹಾಕಿಸ್ತೀಯೇನು? ಕೌಂಟರಲ್ಲಿ ಮಿಷನ್ನಿಂದ ಕೊಡೋ ಚೀಟಿ ಇದ್ಯಲ್ಲ, ಅದು ಬಸ್ ಟಿಕೆಟ್ ಥರ ಬಿಸಿಗೆ ಮೂಡೋ ಅಕ್ಷರ. ಬಿಸಿಲಲ್ಲಿ ಇಟ್ರೆ ಕೆಲವೇ ತಿಂಗಳಲ್ಲಿ ನಾಟಕದ ಹೆಸರು, ತಾರೀಕು, ಸೀಟ್ ನಂಬರು ಎಲ್ಲ ಅಳಿಸಿ ಸಹಿ ಒಂದೇ ಉಳಿಯುತ್ತೆ. ಯಾರದು, ಯಾವಾಗಿನದು ಅಂತ ಆ ನಟರನ್ನೇ ಹೋಗಿ ಕೇಳ್ಬೇಕು.

ಪದ್ದು: ಆಯ್ತು, ಕಾದೆ. ಹೊರಗೆ ಬಂದ್ರು. ಗುರುತು ಹಿಡಿಯೋದು ಹೇಗೆ?

ಶಾಮಣ್ಣ: ಇದು ಕೇಳೋ ಪ್ರಶ್ನೆ. ಒಳಗೆ ಎಪ್ಪತ್ತರ ಮುದಿರಾಜ, ಹೊರಗೆ ಬಂದ್ರೆ ಬ್ಯಾಕ್‌ಪ್ಯಾಕ್ ಹಾಕ್ಕೊಂಡ ಇಪ್ಪತ್ತಮೂರರ ಹುಡುಗ. ಜನ ಅವನನ್ನೇ ನಿಲ್ಲಿಸಿ ‘ತಮ್ಮಾ, ರಾಜನ ಪಾತ್ರದವರು ಯಾವಾಗ ಬರ್ತಾರೆ?’ ಅಂತ ಕೇಳ್ತಾರೆ. ಗುರುತು ಮೂರಿದೆ. ಎಷ್ಟು ತಿಕ್ಕಿದ್ರೂ ಕಣ್ಣಂಚಿನ ಕಾಡಿಗೆ ಪೂರ್ತಿ ಹೋಗೋದಿಲ್ಲ. ಕಿವಿ ಹಿಂದೆ, ಕತ್ತಿನ ಬುಡದಲ್ಲಿ ಬಣ್ಣ ಉಳಿದಿರುತ್ತೆ, ಕನ್ನಡೀಲಿ ಆ ಜಾಗ ಕಾಣಲ್ಲ ನೋಡು. ಮೂರನೇದು ದನಿ. ಮುಖ ಸುಳ್ಳು ಹೇಳಿದ್ರೂ ದನಿ ಹೇಳಲ್ಲ. ಫೋನಲ್ಲಿ ‘ಅಮ್ಮಾ, ಊಟ ಇಟ್ಟಿರು’ ಅಂದ್ರೂ ಅದು ರಾಜಾಜ್ಞೆ ಥರಾನೇ ಕೇಳುತ್ತೆ.

ಭಟ್ರು: ಯಕ್ಷಗಾನದಲ್ಲಿ ಇದರ ಹತ್ತು ಪಟ್ಟು. ರಾತ್ರಿ ರಂಗಸ್ಥಳ ನಡುಗಿಸಿದ ರಾಕ್ಷಸ ಬೆಳಗಿನ ಜಾವ ಲುಂಗಿ ಉಟ್ಕೊಂಡು ಚಾ ಕುಡೀತಾ ಇರ್ತಾನೆ, ಐವತ್ತು ಕಿಲೋ ಇಲ್ಲ. ಅಲ್ಲಿ ಗ್ರೀನ್ ರೂಮು ಅಲ್ಲ, ಚೌಕಿ. ಚಪ್ಪಲಿ ಹೊರಗೆ ಬಿಡಬೇಕು, ಒಳಗೆ ಗಣಪತಿ ಇರ್ತದೆ. ಮೊದಲು ಅದಕ್ಕೆ ಕೈ ಮುಗೀರಿ, ಮತ್ತೆ ವೇಷಧಾರಿಗಳಿಗೆ. ಸಾಲಾಗಿ ಪೆಟ್ಟಿಗೆ ಇಟ್ಕೊಂಡು ಕೂತಿರ್ತಾರೆ, ನಡುವೆ ದಾಟಿ ಓಡಾಡಬಾರದು. ದಕ್ಷಿಣದ ಶೈಲಿ ತೆಂಕುತಿಟ್ಟು, ಅದರ ಬಣ್ಣದ ವೇಷ, ಅಂದ್ರೆ ರಾಕ್ಷಸ ಪಾತ್ರ ಆದ್ರೆ ಅಕ್ಕಿ ಹಿಟ್ಟು, ಸುಣ್ಣ ಕಲೆಸಿ ಮುಖದ ಮೇಲೆ ಚುಟ್ಟಿ ಇಡ್ತಾರೆ, ಸಣ್ಣ ಸಣ್ಣ ಮುಳ್ಳಿನ ಸಾಲು. ಎರಡು ಮೂರು ತಾಸಿನ ಕೆಲಸ. ಆಗ ಹೋಗಿ ‘ಒಂದು ಸಹಿ’ ಅಂದ್ರೆ ತಲೆ ಎತ್ತೋ ಹಾಗೂ ಇಲ್ಲ, ನಗೋ ಹಾಗಂತೂ ಇಲ್ಲವೇ ಇಲ್ಲ. ನಕ್ಕರೆ ಚುಟ್ಟಿ ಉದುರ್ತದೆ.

ಪದ್ದು: ಹಾಗಾದ್ರೆ ಆಟ ಮುಗಿದ ಮೇಲೆ?

ಭಟ್ರು: ಎಲ್ಲರಿಗೂ ಆಟ ಒಟ್ಟಿಗೇ ಮುಗಿಯೂದಿಲ್ಲ, ಅಲ್ಲೇ ಜನ ಎಡವೂದು. ಮೊದಲ ಪ್ರಸಂಗದವ ನಡುರಾತ್ರಿಗೇ ವೇಷ ಕಳಚಿ ಚೌಕಿ ಮೂಲೆಯಲ್ಲಿ ಮಲಗಿರ್ತಾನೆ. ನೀವು ಬೆಳಿಗ್ಗೆ ಹುಡುಕಿದ್ರೆ ಕಂಬಳಿ ಸಿಗ್ತದೆ ಅಷ್ಟೆ. ನಿಮಗೆ ಬೇಕಾದವರ ವೇಷ ಯಾವ ಹೊತ್ತಿಗೆ ಮುಗೀತದೆ ಅಂತ ಮೊದಲೇ ಕೇಳಿಟ್ಕೊಳ್ಳಿ. ಒಳಗೆ ಬಂದ ಕೂಡಲೇ ಮಾತಾಡಿಸಬೇಡಿ. ಕಿರೀಟ ಬಿಗಿದು ಕಟ್ಟಿದ್ದು, ಹಣೆ ಸಿಡೀತಿರ್ತದೆ. ಮೊದಲು ಕಿರೀಟ ಇಳಿಯಲಿ, ಗೆಜ್ಜೆ ಬಿಚ್ಚಲಿ, ಒಂದು ಲೋಟ ನೀರು ಒಳಗೆ ಹೋಗಲಿ. ಕಿರೀಟದ ಜೊತೆಗೇ ಫೋಟೋ ಬೇಕು ಅಂತಿದ್ರೆ ರಂಗಸ್ಥಳಕ್ಕೆ ಹೊರಡೂ ಮೊದಲೇ ಕೇಳಿ, ಒಂದು ಕ್ಲಿಕ್ಕು, ಮುಗೀತು. ಹೆಗಲ ಮೇಲೆ ಕೈ ಹಾಕಬೇಡಿ, ಭುಜಕೀರ್ತಿ ಜಾರಿದ್ರೆ ಮತ್ತೆ ಕಟ್ಟೂದು ಯಾರು?

ಬಸಣ್ಣ: ನಮ್ಮ ಕಡೆ ಸಹಿ ಗಿಹಿ ಏನಿಲ್ರಿ. ಪಾರ್ಟ್ ಚಂದ ಮಾಡಿದ್ರ ಆಯೇರಿ, ಅಂದ್ರ ಉಡುಗೊರಿ! ಹಳ್ಳಿ ನಾಟಕದಾಗ ಆಟ ನಡದಾಗನ ಸ್ಟೇಜ್ ಮ್ಯಾಲ ಹತ್ತಿ, ನೋಟಿಗೆ ಪಿನ್ ಹಚ್ಚಿ ಅಂಗಿಗೆ ಚುಚ್ಚೂದು. ಮೈಕಿನ್ಯಾಗ ಹೆಸರು ಹೇಳ್ತಾರ. ಈಗ ನೋಡ್ರಿ, ಹೆಂಡ್ತಿ ಸತ್ತಾಳಂತ ದುರ್ಯೋಧನ ಅಳಾಕತ್ತಾನ, ನಡುವ ‘ಇಂಥವರಿಂದ ಇಂಥಾ ಪಾತ್ರಧಾರಿಗೆ ಐವತ್ತೊಂದು ರೂಪಾಯಿ’. ಅಂವ ಅಳು ನಿಲ್ಲಿಸಿ ಕೈ ಮುಗದು ಮತ್ತ ಅಳೂದು.

ಭಟ್ರು: ದುರ್ಯೋಧನನ ಹೆಂಡ್ತಿ ಎಲ್ಲಿ ಸತ್ತಳು ಮಾರಾಯ್ರೆ?

ಬಸಣ್ಣ: ಐವತ್ತೊಂದು ರೂಪಾಯಿ ಬರೂದಿದ್ರ ಸಾಯ್ತಾಳ್ರಿ. ಅದಿರ್ಲಿ, ಪಿನ್ ಚುಚ್ಚೋರಿಗೆ ಒಂದ ಮಾತು. ಅಂಗಿ ಎತ್ತಿ ಹಿಡದು ಚುಚ್ಚಬೇಕು. ಎದಿಗೆ ಒತ್ತಿ ಚುಚ್ಚಿದ್ರ ಭೀಮ ಖರೇನ ಗರ್ಜಸ್ತಾನ.

ಪದ್ದು: ಕಂಪನಿ ನಾಟಕದಲ್ಲೂ ಹಾಗೇನಾ?

ಬಸಣ್ಣ: ಕಂಪನಿ ಲೆಕ್ಕಾ ಬ್ಯಾರೆ. ಬನದ ಹುಣ್ಣಿಮಿಗೆ ಬನಶಂಕರಿ ಜಾತ್ರಿ. ಕಂಪನಿಗೋಳು ಸಾಲಾಗಿ ಟೆಂಟ್ ಹಾಕ್ತಾವ. ದಿನಕ್ಕ ಎರಡು ಮೂರು ಆಟ. ಒಂದು ಮುಗೀತು, ಹೊರಗ ಆಗಲೇ ಮುಂದಿನ ಆಟದ ಪಾಳಿ. ನಡುವ ನಟ ಬಣ್ಣಾ ತಗಿಯೂದಿಲ್ಲ, ಬೆವರು ಒರಸ್ಕೊಂಡು ಮ್ಯಾಲ ಪೌಡರ್ ಬಡಕೊಂಡು ಎರಡ ಭಜಿ ತಿಂದು ಮತ್ತ ನಿಲ್ತಾನ. ಆಗ ಹೋದ್ರ ಭಜಿ ಬಿಟ್ಟು ಸಹಿ ಹಾಕಂಗಿಲ್ಲ. ರಾತ್ರಿ ಕಡೀ ಆಟ ಮುಗಿದ ಮ್ಯಾಲ ನಿಮಗೂ ನಿದ್ದಿ, ಅವರಿಗೂ ನಿದ್ದಿ. ಹಂಗಾಗಿ ಮಧ್ಯಾಹ್ನದ ಮೊದಲ ಹೋಗ್ರಿ, ಕ್ಯಾಂಪಿನ್ಯಾಗ ಅಡಿಗಿ ನಡದಿರತೈತಿ. ಗೇಟಿನ್ಯಾಗ ಮಾಲಕರಿಗೆ ಹೇಳಿ ಒಳಗ ಹೋಗ್ರಿ. ಹಾಸ್ಯಪಾತ್ರದವನ ಹತ್ರ ಮಾತ್ರ ದೊಡ್ಡ ಪಾಳಿ ಇರತೈತಿ, ನಾಯಕನ ಕಡೆ ನೊಣಾ ಸೈತ ಇರೂದಿಲ್ಲ.

ಪದ್ದು: ನ್ಯೂಯಾರ್ಕಿನ ಬ್ರಾಡ್‌ವೇಲೂ ಹೀಗೇನೇ ಅಂತೆ. ಥಿಯೇಟರಿನ ಪಕ್ಕದಲ್ಲಿ ನಟರದೇ ಒಂದು ಬಾಗಿಲು, ಹೊರಗೆ ಕಬ್ಬಿಣದ ಬೇಲಿ, ಜನ ಪ್ಲೇಬಿಲ್ ಅನ್ನೋ ಪುಸ್ತಿಕೆ ಹಿಡ್ಕೊಂಡು ಸಾಲಾಗಿ ನಿಲ್ತಾರೆ. ಎರಡು ಆಟ ಇರೋ ದಿನ ಮಧ್ಯಾಹ್ನದ ಆಟ ಆದ್ಮೇಲೆ ಬಹಳ ಜನ ಹೊರಗೇ ಬರಲ್ಲ.

ಬಸಣ್ಣ: ಭಜಿ ತಿಂತಿರ್ತಾರ.

ಶಾಮಣ್ಣ: ನಮ್ಮಲ್ಲಿ ಪ್ರತ್ಯೇಕ ಬಾಗಿಲು ಕಾಯೋ ಕಷ್ಟ ಇಲ್ಲ. ಇಲ್ಲಿ ರಂಗಶಂಕರದಲ್ಲಿ ನಟರು ತಾವಾಗೇ ಹೊರಗೆ ಬಂದು ಈ ಮೆಟ್ಟಿಲ ಹತ್ರ ನಿಲ್ತಾರೆ, ಅವರಿಗೂ ಸ್ನೇಹಿತರ ಹತ್ರ ‘ಹೇಗಿತ್ತು?’ ಅಂತ ಕೇಳ್ಬೇಕಲ್ಲ. ರವೀಂದ್ರ ಕಲಾಕ್ಷೇತ್ರ ದೊಡ್ಡದು, 1963ರ ಕಟ್ಟಡ. ಅಲ್ಲಿ ಸನ್ಮಾನ ಏನಾದ್ರೂ ಇದ್ರೆ ನಟನ ಹೆಗಲಿಗೆ ಶಾಲು, ಒಂದು ಕೈಲಿ ಹಣ್ಣಿನ ಬುಟ್ಟಿ, ಇನ್ನೊಂದರಲ್ಲಿ ಸ್ಮರಣಿಕೆ. ಪುಸ್ತಕ ಚಾಚಿದ್ರೆ ಯಾವ ಕೈಯಲ್ಲಿ ಬರೀತಾರೆ? ಮೊದಲು ಬುಟ್ಟಿ ನೀನು ಇಸ್ಕೋ, ಆಮೇಲೆ ಪೆನ್ನು ಕೊಡು. ಬುಟ್ಟಿ ವಾಪಸ್ ಕೊಡೋದು ಮರೀಬೇಡ.

ಭಟ್ರು: ಹೆಗ್ಗೋಡಿನ ನೀನಾಸಮ್ ತಿರುಗಾಟ ಊರಿಗೆ ಬಂದಾಗ?

ಶಾಮಣ್ಣ: ಅದು 1985ರಿಂದ ಊರೂರು ಸುತ್ತೋ ತಂಡ. ನಾಟಕ ಮುಗಿದ ಗಳಿಗೆಯಲ್ಲಿ ನಟನೇ ಬಡಗಿ, ನಟನೇ ಹಮಾಲಿ. ಪರದೆ ಇಳಿಸ್ಬೇಕು, ಲೈಟು ಬಿಚ್ಚಬೇಕು, ವೈರು ಸುತ್ತಬೇಕು, ನಾಳೆ ಇನ್ನೊಂದೂರು. ನಾಯಕಿ ಹಲಗೆಯ ಒಂದು ತುದಿ ಹಿಡಿದಿರ್ತಾಳೆ. ‘ಮೇಡಂ, ಆಟೋಗ್ರಾಫ್’ ಅಂತ ನಿಲ್ಲೋ ಬದಲು ಇನ್ನೊಂದು ತುದಿ ಹಿಡಿ. ಗಾಡಿಗೆ ಹೇರಿದ ಮೇಲೆ ಸಹಿ ಸಿಗುತ್ತೆ, ಚಹಾನೂ ಸಿಗಬಹುದು.

ಪದ್ದು: ಸರಿ, ಬಾಯಿ ಬಿಟ್ಟು ಏನಂತ ಕೇಳ್ಲಿ? ‘ನಿಮ್ಮ ರುಜು ಬೇಕಿತ್ತು’?

ಶಾಮಣ್ಣ: ರುಜು ಅಂದ್ರೆ ಸಾಲಕ್ಕೆ ಜಾಮೀನು ಕೇಳ್ತಿದ್ದಾನೆ ಅಂತ ಓಡಿ ಹೋಗ್ತಾರೆ. ‘ಹಸ್ತಾಕ್ಷರ’ ಅಂದ್ರೆ ನೀನು ಕನ್ನಡ ಮೇಷ್ಟ್ರು ಅಂದ್ಕೊಳ್ತಾರೆ. ‘ಆಟೋಗ್ರಾಫ್’ ಅಂತಲೇ ಕೇಳು. ಅದಕ್ಕೂ ಮುಂಚೆ ನಾಟಕದ ಒಂದು ದೃಶ್ಯ ಹಿಡಿದು ಒಂದೇ ವಾಕ್ಯ ಹೇಳು. ‘ಪತ್ರ ಹರಿದ ಮೇಲೆ ಸುಮ್ಮನೆ ಕೂತ್ರಲ್ಲ, ಅದು’ ಅನ್ನು, ಸಾಕು. ‘ಸೂಪರ್ ಸಾರ್’ ಅನ್ನೋದನ್ನ ಅವರು ಅಷ್ಟೊತ್ತಿಗೆ ನಲವತ್ತು ಸಲ ಕೇಳಿರ್ತಾರೆ. ಹೇಳಬಾರದ ಮಾತೂ ಇವೆ: ‘ಸಿನಿಮಾಗೆ ಯಾವಾಗ?’, ‘ಸೀರಿಯಲ್ಲಲ್ಲಿ ನೋಡಿದ ಹಾಗಿದೆ’, ‘ಮುಂದಿನ ಸಲ ಎರಡು ಪಾಸ್ ಇಟ್ಟಿರಿ’.

ಭಟ್ರು: ‘ಹೋದ ಪ್ರಯೋಗ ಇನ್ನೂ ಚಂದ ಇತ್ತು’.

ಶಾಮಣ್ಣ: ಅಬ್ಬಾ! ಅದನ್ನಂದ್ರೆ ಪೆನ್ನೂ ವಾಪಸ್ ಬರಲ್ಲ. ಗಂಟಲೂ ಸೋತಿರುತ್ತೆ ಅವರದು, ಉದ್ದುದ್ದ ಪ್ರಶ್ನೆ ಬೇಡ. ನಿನ್ನ ಹೆಸರನ್ನ ಚೀಟೀಲಿ ದೊಡ್ಡದಾಗಿ ಬರೆದಿಟ್ಕೋ. ಕನ್ನಡಕ ಹಾಕೋ ನಟರು ಬಣ್ಣಕ್ಕೆ ಕೂರೋವಾಗ ಅದನ್ನ ಬ್ಯಾಗಲ್ಲಿ ಇಟ್ಟಿರ್ತಾರೆ. ಆ ಗದ್ದಲದಲ್ಲಿ ‘ಪದ್ಮನಾಭ’ ಅನ್ನೋದು ‘ಪದ್ಮಾವತಿ’ ಆಗಿ, ‘ತಂಗಿಗೆ ಶುಭ ಹಾರೈಕೆ’ ಅಂತ ಬರೆದುಕೊಡ್ತಾರೆ.

ಬಸಣ್ಣ: ಮತ್ತ ಮುಖ್ಯಪಾತ್ರದವರ ಸುತ್ತ ಗದ್ದಲ ಇದ್ರ?

ಶಾಮಣ್ಣ: ಆಗ ದ್ವಾರಪಾಲಕನ ಹತ್ರ ಹೋಗಿ. ನಾಟಕದಲ್ಲಿ ಎರಡೇ ಮಾತು ಅವನಿಗೆ, ‘ಅಪ್ಪಣೆ ಪ್ರಭೂ’, ‘ಬಂದಿದ್ದಾರೆ ಪ್ರಭೂ’. ಪುಸ್ತಕ ಕೊಟ್ರೆ ಸಹಿ, ತಾರೀಕು, ಊರು, ಮೇಲೊಂದು ವಚನ, ಕೆಳಗೊಂದು ಹಿತವಚನ, ಪೂರ್ತಿ ಪುಟ ತುಂಬಿಸ್ತಾನೆ. ಮುಂದೆ ಅವನು ದೊಡ್ಡ ನಟನಾದ್ರೆ ನಿನ್ನ ಹತ್ರ ಇರೋದೇ ಮೊದಲ ಸಹಿ. ಬೆಳಕಿನವರು, ಹಾರ್ಮೋನಿಯಂನವರು ಇದ್ದಾರಲ್ಲ, ಅವರನ್ನ ಯಾರೂ ಕೇಳೋದೇ ಇಲ್ಲ. ಕೇಳಿದ್ರೆ ಮೊದಲು ಹಿಂದೆ ತಿರುಗಿ ನೋಡ್ತಾರೆ, ಬೇರೆ ಯಾರನ್ನೋ ಕೇಳಿದ್ದು ಅಂತ.

ಭಟ್ರು: ಗಂಟೆ ಎಷ್ಟಾಯ್ತು ಮಾರಾಯ್ರೆ?

ಪದ್ದು: ಏಳು... ಅಯ್ಯೋ, ಏಳೂ ಇಪ್ಪತ್ತೇಳು!

ಶಾಮಣ್ಣ: ಏಳಿ, ಏಳಿ! ಏಳೂವರೆಗೆ ಬಾಗಿಲು ಹಾಕಿದ್ರೆ ಇಲ್ಲಿ ಯಾರು ಬಂದ್ರೂ ತೆಗೆಯಲ್ಲ. ಮೊಬೈಲ್ ಆಫ್ ಮಾಡಿ. ಪದ್ದು, ಬಾಲ್‌ಪೆನ್ ಇದ್ಯಾ?

ಪದ್ದು: ನಿಮ್ಮ ಹತ್ರ ಇಸ್ಕೊಂಡೆ.

ಶಾಮಣ್ಣ: ಚೀಟಿ?

ಪದ್ದು: ಬರೆದೆ.

ಶಾಮಣ್ಣ: ಪುಸ್ತಕ?

ಬಸಣ್ಣ: ಪುಸ್ತಕ ಇಲ್ಲೈತ್ರಿ. ವಡಿ ಪ್ಲೇಟ್ ಅದರ ಮ್ಯಾಲ ಇಟ್ಟಿದ್ದೆ... ಮೊದಲ ನಾಕು ಹಾಳಿಗೆ ಎಣ್ಣಿ ಇಳದೈತಿ.