ಮನಾಲಿ–ಲೇಹ್, ಎರಡು ಬೈಕು, ಒಂದು ಟೆಂಟು: ಮಂಡ್ಯದ ಪ್ರಶ್ನೆಗೆ ಉತ್ತರಗಳು

ಪ್ರಶ್ನೆ (ಮಂಡ್ಯ): ಜುಲೈ ಕೊನೇಲಿ ಇಬ್ಬರು ಹೊರಟಿದ್ದೀವಿ. ಒಂದು 411 ಸಿಸಿ ಇಂಜೆಕ್ಷನ್ ಬೈಕು, ಇನ್ನೊಂದು ಹಳೇ 350, ಕಾರ್ಬುರೇಟರ್‌ದು. ಬೈಕು ರೈಲಲ್ಲಿ ಬರುತ್ತೆ. ಮೊದಲ ದಿನ ಮನಾಲಿಯಿಂದ ಸರ್ಚು, ಅಲ್ಲೇ ಟೆಂಟು, ಮಾರನೇ ದಿನ ಲೇಹ್. ಅಡುಗೆ ನಮ್ಮದೇ. ಏನಾದ್ರೂ ಬದಲಾಯಿಸಬೇಕಾ?

ಉತ್ತರ (ಟೂರ್ ಲೀಡರ್, ಮೈಸೂರು): ಸರ್ಚು ಬದಲಾಯಿಸಿ, ಮಿಕ್ಕಿದ್ದು ಆಮೇಲೆ. ಮನಾಲಿ ಸುಮಾರು 2,050 ಮೀಟರ್, ಸರ್ಚು 4,290. ಒಂದೇ ದಿನದಲ್ಲಿ 2,200 ಮೀಟರ್ ಹತ್ತಿ ಅಲ್ಲೇ ಮಲಗಿದ್ರೆ ರಾತ್ರಿ ತಲೆನೋವು, ವಾಂತಿ ಗ್ಯಾರಂಟಿ ಅಂತಲೇ ಇಟ್ಕೊಳ್ಳಿ. ಕಿಲೋಮೀಟರ್ ಲೆಕ್ಕ ಬಿಡಿ, ಎಷ್ಟು ಎತ್ತರದಲ್ಲಿ ಮಲಗ್ತೀರಿ ಅನ್ನೋದನ್ನ ಬರೆದು ಪ್ಲಾನ್ ಮಾಡಿ. ದಾರೀನೇ ತಿರುಗಿಸಿ: ಶ್ರೀನಗರ (1,600), ಕಾರ್ಗಿಲ್ (2,680), ಲಾಮಾಯೂರು (ಸುಮಾರು 3,500), ಲೇಹ್ (3,500). ಲೇಹಲ್ಲಿ ಮೂರು ರಾತ್ರಿ ಇದ್ದು, ಮೈ ಒಗ್ಗಿದ ಮೇಲೆ ಸರ್ಚು ಮೂಲಕ ಮನಾಲಿಗೆ ಇಳೀರಿ.

ಸರ್ಚು ಬಿಡೋದು ಬೆಳಗ್ಗೆ 6ಕ್ಕೆ. ಸರ್ಚು–ಮನಾಲಿ ಮಧ್ಯದ ಬಾರಾಲಾಚಾ ಘಾಟಿ ಇಳಿದ ಮೇಲೆ ರಸ್ತೆಗೇ ಅಡ್ಡ ಹರಿಯೋ ಹಳ್ಳಗಳು ಹಿಮ ಕರಗಿದ ನೀರು. ಬೆಳಗ್ಗೆ ಪಾದ ಮುಳುಗೋಷ್ಟು ಇದ್ದದ್ದು ಮಧ್ಯಾಹ್ನ ಮೊಣಕಾಲಿಗೆ ಬರುತ್ತೆ.

ರೈಲ್ವೆ ಪಾರ್ಸೆಲ್ ಆಫೀಸಲ್ಲಿ ಟ್ಯಾಂಕ್ ಪೂರ್ತಿ ಖಾಲಿ ಮಾಡಿಸ್ತಾರೆ. ಆರ್‌ಸಿ, ಗುರುತಿನ ಚೀಟಿ ಜೆರಾಕ್ಸ್ ಬೇಕು. ಕನ್ನಡಿ ಬಿಚ್ಚಿಟ್ಕೊಳ್ಳಿ. ಬೈಕು ನಿಮ್ಮ ಜೊತೇಲೇ ತಲುಪುತ್ತೆ ಅಂತ ನಂಬಬೇಡಿ, ಎರಡು ದಿನ ಕೈಯಲ್ಲಿಟ್ಕೊಳ್ಳಿ.

ಉತ್ತರ (ವೈದ್ಯರು, ಮೈಸೂರು): ದಾರಿ ಬದಲಾವಣೆಗೆ ನನ್ನದೂ ಒಪ್ಪಿಗೆ. 3,000 ಮೀಟರ್ ದಾಟಿದ ಮೇಲೆ ಮಲಗೋ ಎತ್ತರ ದಿನಕ್ಕೆ 500 ಮೀಟರ್‌ಗಿಂತ ಹೆಚ್ಚಬಾರದು ಅನ್ನೋದು ನಿಯಮ. ಲೇಹ್–ಸರ್ಚು ಇದನ್ನ ಮೀರುತ್ತೆ, ಅದಕ್ಕೇ ಲೇಹ್‌ನ ಮೂರು ರಾತ್ರಿ ಕಡಿಮೆ ಮಾಡಬೇಡಿ. ಡಯಾಮಾಕ್ಸ್ (ಎತ್ತರದ ಕಾಯಿಲೆ ತಡೆಯೋ ಮಾತ್ರೆ) ಸಾಮಾನ್ಯವಾಗಿ 125 ಮಿಲಿಗ್ರಾಂ, ದಿನಕ್ಕೆ ಎರಡು ಸಲ, ಹತ್ತೋ ಹಿಂದಿನ ದಿನದಿಂದ. ಸಲ್ಫಾ ಅಲರ್ಜಿ ಇದ್ರೆ ಬೇಡ. ಊರಲ್ಲೇ ಡಾಕ್ಟರಿಗೆ ತೋರಿಸಿ ಬರೆಸ್ಕೊಳ್ಳಿ. ನಡಿಗೆ ತೂರಾಡಿದ್ರೆ, ಮಾತು ತಡವರಿಸಿದ್ರೆ, ಸುಮ್ಮನೆ ಕೂತಿದ್ರೂ ಏದುಸಿರು ಬಂದ್ರೆ ಬೆಳಗಾಗಲಿ ಅಂತ ಕಾಯಬೇಡಿ. ಸಿಕ್ಕ ಗಾಡಿ ಹತ್ತಿ ಕೆಳಗಿಳೀರಿ, ಬೈಕು ಅಲ್ಲೇ ಇರಲಿ.

ಉತ್ತರ (ಮೆಕ್ಯಾನಿಕ್, ಮಂಡ್ಯ): ಲೇಹ್–ಸರ್ಚು ಮಧ್ಯದ ಘಾಟಿ ಟಂಗ್ಲಾಂಗ್ ಲಾ 5,328 ಮೀಟರ್. ಅಲ್ಲಿ ಗಾಳಿ ಒತ್ತಡ ಸಮುದ್ರಮಟ್ಟದ ಸುಮಾರು ಅರ್ಧ. ಇಂಜೆಕ್ಷನ್ ಬೈಕು ಪೆಟ್ರೋಲ್ ತಾನೇ ಕಡಿಮೆ ಮಾಡ್ಕೊಳುತ್ತೆ, ಪವರ್ ಮಾತ್ರ ಬೀಳುತ್ತೆ. ಕಾರ್ಬುರೇಟರ್‌ಗೆ ಆ ಬುದ್ಧಿ ಇಲ್ಲ: ಮಿಕ್ಸ್ಚರ್ ರಿಚ್ (ಗಾಳಿಗಿಂತ ಪೆಟ್ರೋಲ್ ಜಾಸ್ತಿ) ಆಗಿ ಪ್ಲಗ್ ಮಸಿ ಕಟ್ಟುತ್ತೆ, ಐಡ್ಲಿಂಗಲ್ಲಿ ಆಫ್ ಆಗುತ್ತೆ. ಮೊದಲು ಏರ್ ಫಿಲ್ಟರ್ ಕ್ಲೀನ್ ಮಾಡಿ, ಐಡ್ಲಿಂಗ್ ಸ್ವಲ್ಪ ಏರಿಸಿ. ಆಮೇಲೆ ಮಿಕ್ಸ್ಚರ್ ಸ್ಕ್ರೂ ಅರ್ಧ ಸುತ್ತು. ಯಾವ ಕಡೆಗೆ ಅನ್ನೋದರಲ್ಲೇ ಜನ ಎಡವೋದು: ಸ್ಕ್ರೂ ಫಿಲ್ಟರ್ ಬದಿಗಿದ್ರೆ ಅದು ಏರ್ ಸ್ಕ್ರೂ, ಹೊರಕ್ಕೆ ತಿರುಗಿಸಿ. ಎಂಜಿನ್ ಬದಿಗಿದ್ರೆ ಪೆಟ್ರೋಲ್ ಸ್ಕ್ರೂ, ಒಳಕ್ಕೆ. ಇಳಿದ ಮೇಲೆ ಮೊದಲಿದ್ದ ಜಾಗಕ್ಕೆ ತರಲೇಬೇಕು, ಇಲ್ಲದಿದ್ರೆ ಲೀನ್ (ಪೆಟ್ರೋಲ್ ಕಡಿಮೆ) ಆಗಿ ಎಂಜಿನ್ ಬಿಸಿಯೇರುತ್ತೆ. ಎರಡು ಪ್ಲಗ್, ಕ್ಲಚ್ ಕೇಬಲ್, ಎರಡೂ ಲಿವರ್, ಫ್ಯೂಸ್, ಸ್ಪೋಕ್ ಚಕ್ರಕ್ಕೆ ಟ್ಯೂಬು ಜೊತೇಲಿರಲಿ.

ಪೆಟ್ರೋಲು: ಮನಾಲಿ ಕಡೆಯ ಟಾಂಡಿ ಬಂಕಿನ ಹೆಸರಾಂತ ಬೋರ್ಡು ಹೇಳೋದು ಮುಂದಿನ ಬಂಕು 365 ಕಿ.ಮೀ. ಅಂತ. ನೀವು ಉಲ್ಟಾ ಬರ್ತೀರಿ, ಆದ್ರೂ ಅದೇ ಅಂತರ ಹಿಡೀರಿ. ಲಗೇಜ್ ಸಮೇತ 25 ಮೈಲೇಜ್ ಅಂದ್ರೆ 14.6 ಲೀಟರ್. 411ರ ಟ್ಯಾಂಕೇ 15. ಬೈಕಿಗೊಂದು 5 ಲೀಟರ್ ಕ್ಯಾನ್, ಅದರಲ್ಲಿ ನಾಲ್ಕೂವರೆ ಮಾತ್ರ ತುಂಬಿಸಿ. ಮೇಲೆ ಹೋದಂಗೆ ಕ್ಯಾನ್ ಉಬ್ಬುತ್ತೆ. ಎಂಜಿನ್ ತಣ್ಣಗಾದ ಮೇಲೆ ಮುಚ್ಚಳ ನಿಧಾನಕ್ಕೆ ಸಡಿಲಿಸಿ.

ಮರುಪ್ರಶ್ನೆ (ಮಂಡ್ಯ): ಅನ್ನ, ಸಾರು ಮಾಡ್ಕೋಬಹುದಾ? ಗ್ಯಾಸ್ ಇಲ್ಲಿಂದ ತಗೊಂಡು ಹೋಗೋದಾ?

ಉತ್ತರ (ಟೂರ್ ಲೀಡರ್): ಗ್ಯಾಸ್ ರೈಲಿಗೂ ಇಲ್ಲ, ವಿಮಾನಕ್ಕೂ ಇಲ್ಲ. ಅಲ್ಲೇ ಕೊಳ್ಳಿ, ಆದ್ರೆ ಬರೀ ಬ್ಯೂಟೇನ್ ಬೇಡ. ಸೊನ್ನೆ ಡಿಗ್ರಿ ಹತ್ತಿರ ಅದು ಆವಿಯಾಗಲ್ಲ, ಬೆಳಗ್ಗೆ ಒಲೆ ಹತ್ತಲ್ಲ. ಪ್ರೊಪೇನ್ ಬೆರೆತದ್ದು ಕೇಳಿ. ಸರ್ಚುವಲ್ಲಿ ನೀರು 86 ಡಿಗ್ರಿಗೇ ಕುದಿಯುತ್ತೆ, ತೊಗರಿಬೇಳೆ ಗಂಟೆಗಟ್ಟಲೆ ಕುದಿಸಿದ್ರೂ ಕಲ್ಲು. 2 ಲೀಟರ್ ಕುಕ್ಕರ್ ಇದ್ರೆ ಅನ್ನ ಆಗುತ್ತೆ. ಜಾಗ ಇಲ್ಲ ಅಂದ್ರೆ ಅವಲಕ್ಕಿ, ಶಾವಿಗೆ, ಹುರಿಹಿಟ್ಟು. ಮುದ್ದೆ ಆಸೆ ಮಂಡ್ಯದಲ್ಲೇ ತೀರಿಸ್ಕೊಂಡು ಹೊರಡಿ.

ಎಷ್ಟೇ ಚಳಿ ಇದ್ರೂ ಟೆಂಟ್ ಒಳಗೆ ಒಲೆ ಹಚ್ಚಬೇಡಿ. ಕಾರ್ಬನ್ ಮಾನಾಕ್ಸೈಡಿಗೆ ವಾಸನೆ ಇಲ್ಲ, ನಿದ್ದೆಯಲ್ಲೇ ಹೋಗಿಬಿಡ್ತೀರಿ. ನೆಲ ಕಲ್ಲು, ಗೂಟ ಇಳಿಯಲ್ಲ. ತಾನೇ ನಿಲ್ಲೋ ಟೆಂಟ್ ತಗೊಳ್ಳಿ, ಹಗ್ಗ ದಪ್ಪ ಕಲ್ಲಿಗೆ ಕಟ್ಟಿ. ಸ್ಲೀಪಿಂಗ್ ಬ್ಯಾಗ್ ಮೈನಸ್ 5ಕ್ಕೆ ಕಂಫರ್ಟ್ ಇರೋದು. ಮ್ಯಾಟ್ ಆರ್-ವ್ಯಾಲ್ಯೂ (ಚಳಿ ತಡೆಯೋ ಅಳತೆ) 4ಕ್ಕಿಂತ ಕಡಿಮೆ ಬೇಡ, ಚಳಿ ಏರೋದು ನೆಲದಿಂದ.

ಮರುಪ್ರಶ್ನೆ (ಮಂಡ್ಯ): ಇಲ್ಲೇ ಒಂದು ಟ್ರಯಲ್ ಎಲ್ಲಿ ಮಾಡೋದು?

ಉತ್ತರ (ಮೆಕ್ಯಾನಿಕ್): ಪೂರ್ತಿ ಲಗೇಜ್ ಕಟ್ಕೊಂಡು ಗೂಡಲೂರು ಮೇಲಿಂದ ಊಟಿ. ಬಂಡೀಪುರ ಗೇಟು ರಾತ್ರಿ 9ರಿಂದ ಬೆಳಗ್ಗೆ 6 ಮುಚ್ಚಿರುತ್ತೆ, ನೋಡ್ಕೊಂಡು ಹೊರಡಿ. ಎತ್ತರ ಅಭ್ಯಾಸ ಆಗಲ್ಲ, ದೊಡ್ಡಬೆಟ್ಟವೇ 2,637 ಮೀಟರ್. ನೋಡಬೇಕಾದ್ದು ಬೇರೆ: ಬ್ಯಾಗಿನ ಪಟ್ಟಿ ಸೈಲೆನ್ಸರ್‌ಗೆ ತಾಗಿ ಕರಗ್ತಿದೆಯಾ, ಇಳಿಜಾರಲ್ಲಿ ಎರಡನೇ ಗೇರಲ್ಲೇ ವೇಗ ಹಿಡಿತದಲ್ಲಿದೆಯಾ. ಬರೀ ಬ್ರೇಕ್ ಒತ್ಕೊಂಡು ಇಳಿದ್ರೆ ಬಾರಾಲಾಚಾ ಕೆಳಗೆ ಬರೋಷ್ಟರಲ್ಲಿ ಹಿಂದಿನ ಬ್ರೇಕ್ ಹಿಡಿಯಲ್ಲ. ಇನ್ನೊಂದು, ನಮ್ಮೂರಿನ ಪ್ರೀಪೇಯ್ಡ್ ಸಿಮ್ ಕಾಶ್ಮೀರ, ಲಡಾಖಲ್ಲಿ ನಡಿಯಲ್ಲ. ಒಬ್ಬರದಾದ್ರೂ ಪೋಸ್ಟ್‌ಪೇಯ್ಡ್ ಮಾಡಿಸಿ.