ಅಪಘಾತ ಕಂಡ ಮಗುವಿಗೆ ವಿಡಿಯೊ ಕರೆಯಲ್ಲಿ ಚಿಕಿತ್ಸೆ ಕೊಡಿಸಬಹುದೇ?

ಚಳ್ಳಕೆರೆಯ ಶಿಕ್ಷಕಿ:
ನನ್ನ ತಂಗಿಯ ಮಗಳಿಗೆ ಒಂಬತ್ತು ವರ್ಷ. ಹೆದ್ದಾರಿ ಅಪಘಾತದಲ್ಲಿ ಕಣ್ಣೆದುರೇ ತಂದೆಯನ್ನು ಕಳೆದುಕೊಂಡ ಮೇಲೆ ರಾತ್ರಿ ಬೆಚ್ಚಿ ಏಳುತ್ತಾಳೆ. ಲಾರಿಯ ಹಾರನ್ ಕೇಳಿದರೆ ಕಿವಿ ಮುಚ್ಚಿಕೊಂಡು ಕೂತುಬಿಡುತ್ತಾಳೆ. ಬೆಂಗಳೂರಿನ ಮನಶ್ಶಾಸ್ತ್ರಜ್ಞೆಯೊಬ್ಬರು ವಾರಕ್ಕೊಮ್ಮೆ ವಿಡಿಯೊ ಕರೆಯಲ್ಲಿ ಚಿಕಿತ್ಸೆ ನೀಡಲು ಒಪ್ಪಿದ್ದಾರೆ. ತಂಗಿಯದು ಎರಡೇ ಕೋಣೆಯ ಮನೆ, ಅಜ್ಜಿ ಸದಾ ಓಡಾಡುತ್ತಿರುತ್ತಾರೆ, ನೆಟ್‌ವರ್ಕ್ ಬಂದರೆ ಬಂತು. ಇಂಥಲ್ಲಿ ಮಗು ಮನಸ್ಸು ಬಿಚ್ಚೀತೇ?

ದಾವಣಗೆರೆಯ ಆಪ್ತಸಮಾಲೋಚಕಿ:
ಖಂಡಿತ ಕೊಡಿಸಬಹುದು ಮೇಡಂ. ಆಘಾತಕ್ಕೆ ಒಳಗಾದ ಮಕ್ಕಳಿಗಾಗಿ ಅಮೆರಿಕದ ತಜ್ಞರಾದ ಕೋಹೆನ್, ಮನ್ನರಿನೊ ಮತ್ತು ಡೆಬ್ಲಿಂಗರ್ ರೂಪಿಸಿದ ಟಿಎಫ್-ಸಿಬಿಟಿ (ಆಘಾತವನ್ನೇ ಕೇಂದ್ರವಾಗಿಟ್ಟುಕೊಂಡು ಯೋಚನೆ ಮತ್ತು ವರ್ತನೆಯನ್ನು ತಿದ್ದುವ ಮಾತಿನ ಚಿಕಿತ್ಸೆ) ಎಂಬ ಕ್ರಮ ಸಾಮಾನ್ಯವಾಗಿ 12ರಿಂದ 16 ಭೇಟಿಗಳಲ್ಲಿ ನಡೆಯುತ್ತದೆ. ಅಪಘಾತದ ಸಂಗತಿಯನ್ನು ಮೊದಲ ದಿನವೇ ಕೆದಕುವುದಿಲ್ಲ. ಉಸಿರನ್ನು ಹದಕ್ಕೆ ತರುವುದು, ಭಯವನ್ನು ಗುರುತಿಸಿ ಹೇಳುವುದು ಇವೆಲ್ಲ ರೂಢಿಯಾದ ಮೇಲೆ ನಡೆದದ್ದನ್ನು ಸ್ವಲ್ಪಸ್ವಲ್ಪವಾಗಿ ಹೇಳಿಸುತ್ತಾರೆ. ತಾಯಿಗೂ ಇದರಲ್ಲಿ ಸಮಪಾಲು ಇರುವುದರಿಂದ, ತಾವೇ ದುಃಖದಲ್ಲಿರುವ ನಿಮ್ಮ ತಂಗಿಗೆ ಆ ಮಾತುಗಳನ್ನು ಕೇಳುವ ಶಕ್ತಿ ಇದೆಯೇ ಎಂಬುದನ್ನು ಮೊದಲೇ ಚರ್ಚಿಸಿ.

ನನ್ನ ದೃಷ್ಟಿಯಲ್ಲಿ ನೆಟ್‌ವರ್ಕ್‌ಗಿಂತ ದೊಡ್ಡ ತೊಡಕು ಅಜ್ಜಿಯ ಓಡಾಟ. ಇಯರ್‌ಫೋನ್ ಹಾಕಿದರೆ ಚಿಕಿತ್ಸಕಿಯ ಮಾತು ಹೊರಗೆ ಕೇಳಿಸದು, ಆದರೆ ಮಗುವಿನ ಮಾತು ಕೇಳಿಸುತ್ತದೆ. ಆದ್ದರಿಂದ ಆ ಒಂದು ಗಂಟೆ ಅಜ್ಜಿಯನ್ನು ನೆರೆಮನೆಗೆ ಕಳುಹಿಸಿ, ಅದಾಗದಿದ್ದರೆ ಬಿಡುವಿನ ದಿನ ನಿಮ್ಮ ಶಾಲೆಯದೇ ಒಂದು ಕೋಣೆಯನ್ನು ಕೇಳಿ ನೋಡಿ. ಫೋನನ್ನು ಮಗುವಿನ ಕೈಗೆ ಕೊಡದೆ ಗೋಡೆಗೆ ಒರಗಿಸಿ, ಮುಖದ ಜೊತೆ ಕೈಗಳೂ ಕಾಣುವಷ್ಟು ದೂರ ಇಡಿ. ಮುಖದಲ್ಲಿ ನಗುತ್ತಲೇ ಫ್ರಾಕಿನ ಅಂಚನ್ನು ಹಿಂಡುವ ಮಕ್ಕಳಿರುತ್ತಾರೆ. ಚಿಕಿತ್ಸಕಿಗೆ ಅದು ಕಾಣಲೇಬೇಕು. ಕರೆ ಕಡಿದುಹೋದರೆ ಯಾರು, ಯಾವ ಸಂಖ್ಯೆಗೆ ಮರಳಿ ಕರೆ ಮಾಡಬೇಕೆಂಬುದನ್ನೂ ಮಗುವಿಗೆ ಮುಂಚೆಯೇ ತಿಳಿಸಿರಬೇಕು.

ಹಿರಿಯೂರಿನ ಪೋಷಕ:
ಅಕ್ಕಾ, ನಮ್ಮ ಮಗನಿಗೂ ಹೀಗೆಯೇ ಚಿಕಿತ್ಸೆ ನಡೆಯಿತು. ಆಸ್ಪತ್ರೆಗೆ ಹೋದರೆ ಬಸ್ಸಿನಲ್ಲಿ ಮರಳುವಷ್ಟರಲ್ಲಿ ಮನಸ್ಸು ತಿಳಿಯಾಗುತ್ತದೆ, ಮನೆಯಲ್ಲಾದರೆ ಪರದೆ ಆರಿದ ಮರುಕ್ಷಣವೇ ಹೋಂವರ್ಕ್ ಮಾಡು ಎನ್ನುತ್ತೇವೆ. ನಮ್ಮ ಚಿಕಿತ್ಸಕಿ ಕೊನೆಯ ಹತ್ತು ನಿಮಿಷ ಚಿತ್ರ ಬಿಡಿಸಿಸಿ, ಆಟ ಆಡಿಸಿಯೇ ಮುಗಿಸುತ್ತಿದ್ದರು. ಅದಾದ ಮೇಲೂ ಅರ್ಧ ಗಂಟೆ ಯಾರಾದರೂ ಸುಮ್ಮನೆ ಜೊತೆಗಿರುವುದು ಒಳ್ಳೆಯದು. ಏನು ಹೇಳಿದೆ ಎಂದು ಮಾತ್ರ ವಿಚಾರಿಸಬೇಡಿ.

ಚಿತ್ರದುರ್ಗದ ವೈದ್ಯ:
ಮೇಲಿನ ಮಾತುಗಳಿಗೆ ಒಂದು ಮಿತಿಯನ್ನು ಸೇರಿಸುತ್ತೇನೆ. ಮಗುವಿಗೆ ನೋವು ಕೊಟ್ಟವರು ಅದೇ ಮನೆಯಲ್ಲಿದ್ದರೆ, ಅಥವಾ ಮಗು ಸಾಯುವ ಮಾತಾಡುತ್ತಿದ್ದರೆ, ವಿಡಿಯೊ ಕರೆಯನ್ನು ನೆಚ್ಚಿಕೊಳ್ಳದೆ ನೇರವಾಗಿ ಕರೆದೊಯ್ಯಬೇಕು. ಲೈಂಗಿಕ ದೌರ್ಜನ್ಯ ತಿಳಿದುಬಂದರೆ 2012ರ ಪೋಕ್ಸೊ ಕಾಯ್ದೆಯಂತೆ ಅದನ್ನು ವರದಿ ಮಾಡುವುದು ಕಡ್ಡಾಯ, ಚಿಕಿತ್ಸಕರಿಗೂ ವಿನಾಯಿತಿ ಇಲ್ಲ. ನಿಮ್ಮ ಪ್ರಕರಣ ಅಂಥದ್ದಲ್ಲ. ಆದರೂ ಮೊದಲ ಭೇಟಿಯನ್ನು ಬೆಂಗಳೂರಿಗೆ ಹೋಗಿ ಮುಖತಃ ಮುಗಿಸಿ, ಮುಂದಿನದನ್ನು ವಿಡಿಯೊದಲ್ಲಿ ನಡೆಸಿ. ಎರಡು ಭೇಟಿಗಳ ನಡುವೆ ರಾತ್ರಿ ಹೊತ್ತು ಮಗುವನ್ನು ಸಮಾಧಾನಪಡಿಸುವುದು ಕಷ್ಟವಾದರೆ, ಹಗಲಿರುಳೂ ಉಚಿತವಾಗಿ ಸಿಗುವ ಟೆಲಿ-ಮಾನಸ್ ಸಹಾಯವಾಣಿ 14416ಕ್ಕೆ ತಾಯಿಯೇ ಕರೆ ಮಾಡಿ ಕನ್ನಡದಲ್ಲಿ ಮಾತಾಡಬಹುದು.