ಸಹಾಯ ಬೇಕು: ಜೀನ್ಸ್ ಜಾಕೆಟ್ ಮೇಲೆ ಸಂಡೂರಿನ ಲಂಬಾಣಿ ಕಸೂತಿ

ಎಲ್ಲರಿಗೂ ನಮಸ್ಕಾರ. ನಾನು ಬಳ್ಳಾರಿಯಲ್ಲಿ ಫ್ಯಾಷನ್ ಡಿಸೈನ್ ಕೊನೆಯ ವರ್ಷ ಓದುತ್ತಿದ್ದೇನೆ. ಪ್ರಾಜೆಕ್ಟಿನಲ್ಲಿ ನಮ್ಮ ಜಿಲ್ಲೆಯ ಎರಡು ಕೆಲಸಗಳನ್ನು ಸೇರಿಸಬೇಕೆಂಬ ಆಸೆ: ಬಳ್ಳಾರಿ ಜೀನ್ಸ್ ಮತ್ತು ಸಂಡೂರಿನ ಲಂಬಾಣಿ ಕಸೂತಿ. ಜಿಐ ಟ್ಯಾಗ್ (ಒಂದು ಊರಿನ ವಿಶೇಷ ಉತ್ಪನ್ನಕ್ಕೆ ಕೊಡುವ ಭೌಗೋಳಿಕ ಗುರುತು) ಸಿಕ್ಕಿರುವ ಕಸೂತಿ ಅದು. ಆದರೂ ನಮ್ಮ ಕ್ಲಾಸಿನಲ್ಲಿ ಹತ್ತಿರದಿಂದ ನೋಡಿದವರು ಕಡಿಮೆ.

ಮೂಡ್ ಬೋರ್ಡ್, ಬಣ್ಣ, ಸ್ಕೆಚ್ ಮುಗಿದಿವೆ. ಕೋರಾ ಬಟ್ಟೆಯಲ್ಲಿ ಮಾದರಿ ಹೊಲಿದು ಫಿಟ್ಟಿಂಗೂ ನೋಡಿಯಾಯಿತು. ಈಗ ತೊಡಕು ವಾಷಿಂಗ್‌ನದು, ಅಂದರೆ ಜೀನ್ಸನ್ನು ಮೆತ್ತಗೆ ಮಾಡಿ ಬಣ್ಣ ಮಾಸಿಸಲು ಯೂನಿಟ್‌ನಲ್ಲಿ ತೊಳೆಸುವುದು. ಕಸೂತಿ ಮೊದಲು ಹಾಕಿ ವಾಷಿಂಗ್‌ಗೆ ಕೊಟ್ಟರೆ ಅದರಲ್ಲಿ ಕೂರಿಸಿದ ಪುಟ್ಟ ಕನ್ನಡಿಗಳು ಒಡೆಯಬಹುದು. ಇಂಡಿಗೊ ಬಿಟ್ಟು ಬಿಳಿ, ಹಳದಿ ದಾರಕ್ಕೆ ನೀಲಿ ಹತ್ತುತ್ತದೆ. ವಾಷ್ ಆದಮೇಲೆ ಹಾಕೋಣ ಅಂದರೆ ಹೊಲಿದ ಜಾಕೆಟ್‌ನ ದಪ್ಪ ಜೋಡಣೆಗಳಲ್ಲಿ ಕೈಸೂಜಿ ಇಳಿಯುವುದೇ ಕಷ್ಟ. ಬಟ್ಟೆಯನ್ನೇ ಮೊದಲು ತೊಳೆಸಿ, ಕುಗ್ಗುವಷ್ಟು ಕುಗ್ಗಿದ ಮೇಲೆ ಕತ್ತರಿಸಿ, ಬಿಡಿ ತುಂಡುಗಳ ಮೇಲೆ ಕಸೂತಿ ಹಾಕಿ ಕೊನೆಗೆ ಜೋಡಿಸುವುದು ಸರಿ ಅನ್ನಿಸುತ್ತಿದೆ. ಆದರೆ ಹಾಗೆ ಮಾಡಿದರೆ ಹೊಲಿಗೆಯ ಅಂಚಿನಲ್ಲಿ ಬರುವ ಆ ಮಾಸಿದ ಬಣ್ಣ ಸಿಗುವುದಿಲ್ಲ. ಜೀನ್ಸಿಗೆ ಅದೇ ಅಂದ ಅಲ್ವಾ? ಅನುಭವ ಇರುವವರು ದಯವಿಟ್ಟು ದಾರಿ ಹೇಳಿ.

ಒಂದೇ ಜಾಕೆಟ್‌ನಷ್ಟು ಡೆನಿಮ್ ತೊಳೆದುಕೊಡುವ ಯೂನಿಟ್ ಬಳ್ಳಾರಿಯಲ್ಲಿ ಇದೆಯಾ? ನಾನು ಕೇಳಿದ ಕಡೆ ದೊಡ್ಡ ಲಾಟ್ ಇದ್ದರೆ ಮಾತ್ರ ಅಂದರು. ಮತ್ತೆ, ಸಂಡೂರು ಕಡೆಯ ತಾಂಡಾಗಳಲ್ಲಿ ಈ ಕಸೂತಿ ಕಲಿಸಿಕೊಡುವ ಅಕ್ಕಂದಿರ ಪರಿಚಯ ಇದ್ದರೆ ಇನ್‌ಬಾಕ್ಸ್ ಮಾಡಿ. ಸುಮ್ನೆ ಫೋಟೊ ನೋಡಿ ನಕಲು ಮಾಡುವುದು ನನಗೆ ಬೇಡ. ಅವರಿಗೆ ಸರಿಯಾದ ಕೂಲಿ ಕೊಡುತ್ತೇನೆ, ಅವರು ಒಪ್ಪಿದರೆ ಪ್ರಾಜೆಕ್ಟಿನಲ್ಲಿ ಹೆಸರೂ ಹಾಕುತ್ತೇನೆ.